ಜೇಬಿನ ಕ್ಯಾಮೆರಾನೋ, ಹೆಗಲಿನ ಕ್ಯಾಮೆರಾನೋ?

ಕೇಳುಗರೆಲ್ಲರಿಗೂ ನಮಸ್ಕಾರ.

ಏಪ್ರಿಲ್ ಕೊನೆಯಲ್ಲಿ ನನ್ನ ಅಣ್ಣನ ಮಗಳು ಫೋನ್ ಮಾಡಿದಳು. ಮಣಿಪಾಲದಲ್ಲಿ ಕೆಲಸಕ್ಕೆ ಸೇರಿ ಅವಳಿಗೆ ಒಂದು ವರ್ಷವಾಯಿತು. "ಚಿಕ್ಕಪ್ಪ, ಸ್ವಲ್ಪ ದುಡ್ಡು ಕೂಡಿಟ್ಟಿದ್ದೇನೆ. ಒಳ್ಳೆಯ ಕ್ಯಾಮೆರಾ ಬೇಕು. ಆದರೆ ದೊಡ್ಡ ಬ್ಯಾಗು ಹೊತ್ತುಕೊಂಡು ತಿರುಗುವುದು ನನ್ನಿಂದ ಆಗುವುದಿಲ್ಲ" ಅಂದಳು. ಎರಡು ಹೆಸರನ್ನೂ ಅವಳೇ ಹೇಳಿದಳು. ಒಂದು ರಿಕೋ ಜಿಆರ್ 3. ಇನ್ನೊಂದು ಫ್ಯೂಜಿಫಿಲ್ಮ್ ಎಕ್ಸ್100ವಿ. ಇವೆರಡರಲ್ಲಿ ಯಾವುದು ಅಂತ ಅವಳ ಪ್ರಶ್ನೆ.

ಸುಮ್ನೆ ಬಾಯಿಮಾತಿಗೆ ಒಂದು ಹೆಸರು ಹೇಳಲು ನನಗೆ ಮನಸ್ಸು ಬರಲಿಲ್ಲ. ವರ್ಷದ ಉಳಿತಾಯ ಅದು. ಆಗ ನನ್ನ ಭಾವ ದುಬೈಯಿಂದ ರಜೆಗೆ ಬಂದಿದ್ದರು, ಅವರ ಹತ್ತಿರ ಎಕ್ಸ್100ವಿ ಇತ್ತು. ಮಂಗಳೂರಿನ ಗೆಳೆಯರೊಬ್ಬರ ಹತ್ತಿರ ಜಿಆರ್ 3 ಇತ್ತು. ಎರಡನ್ನೂ ಹತ್ತು ದಿನಕ್ಕೆ ಕೇಳಿ ತಂದೆ. ಆ ಹತ್ತು ದಿನ ನಾವಿಬ್ಬರೂ ಕಂಡದ್ದನ್ನು ಇವತ್ತು ನಿಮಗೆ ಹೇಳುತ್ತೇನೆ.

ಮೊದಲು ಒಂದು ವಿಷಯ. ಇವು ನೋಡಲು ಸಣ್ಣ ಕ್ಯಾಮೆರಾ. ಆದರೆ ಒಳಗಿನ ಸೆನ್ಸರ್ ದೊಡ್ಡದು. ಚಿತ್ರ ಮೂಡುವ ಆ ಫಲಕ ಎರಡರಲ್ಲೂ ಎಪಿಎಸ್-ಸಿ ಅಳತೆಯದು, ಸುಮಾರು 23.5 ಮಿಲಿಮೀಟರ್ ಉದ್ದ, 15.6 ಮಿಲಿಮೀಟರ್ ಅಗಲ. ಹಿಂದೆ ಮದುವೆ ಮನೆಗಳಲ್ಲಿ ಎಲ್ಲರ ಕೈಯಲ್ಲೂ ಇರುತ್ತಿದ್ದ ಪುಟ್ಟ ಡಿಜಿಟಲ್ ಕ್ಯಾಮೆರಾ ನೆನಪಿದೆ ಅಲ್ವಾ? ಅಂಥ ಕ್ಯಾಮೆರಾದ ಸೆನ್ಸರಿಗಿಂತ ಇದು ಹತ್ತು ಪಟ್ಟಿಗೂ ಹೆಚ್ಚು ದೊಡ್ಡದು. ಕತ್ತಲಲ್ಲಿ ತೆಗೆದ ಚಿತ್ರದಲ್ಲಿ ಆ ವ್ಯತ್ಯಾಸ ಗೊತ್ತಾಗುತ್ತದೆ. ರಿಕೋದಲ್ಲಿ 24 ಮೆಗಾಪಿಕ್ಸೆಲ್, ಫ್ಯೂಜಿಯಲ್ಲಿ 26. ಈ ಎರಡರ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ತಲೆ ಕೆಡಿಸಿಕೊಳ್ಳಬೇಕಾದದ್ದು ಲೆನ್ಸಿನ ಬಗ್ಗೆ. ಎರಡರಲ್ಲೂ ಲೆನ್ಸ್ ಬದಲಿಸಲು ಆಗುವುದಿಲ್ಲ, ಜೂಮ್ ಇಲ್ಲ. ಕೊಂಡ ದಿನ ಯಾವ ನೋಟ ಇತ್ತೋ ಕೊನೆಯ ತನಕ ಅದೇ. ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ ಹೇಳಿದರೆ ರಿಕೋದ್ದು 28 ಮಿಲಿಮೀಟರ್, ಫ್ಯೂಜಿಯದ್ದು 35. 28ರಲ್ಲಿ ಜಾಸ್ತಿ ಜಾಗ ಕಾಣುತ್ತದೆ, ಅದಕ್ಕೇ ನಾವು ಹತ್ತಿರ ಹೋಗಬೇಕು. 35ರಲ್ಲಿ ಎರಡು ಹೆಜ್ಜೆ ಹಿಂದೆ ನಿಂತರೂ ನಡೆಯುತ್ತದೆ. 2021ರಲ್ಲಿ ರಿಕೋದವರು 40 ಮಿಲಿಮೀಟರಿನ ಜಿಆರ್ 3ಎಕ್ಸ್ ಅಂತ ಇನ್ನೊಂದನ್ನು ತಂದರು. ಹತ್ತಿರ ಹೋಗಲು ಸಂಕೋಚ ಇದ್ದವರು ಅದನ್ನೂ ನೋಡಬಹುದು.

ಮೊದಲ ದಿನ ಬೆಳಿಗ್ಗೆ ಮಲ್ಪೆ ಬಂದರಿಗೆ ಹೋದೆವು. ಬೋಟುಗಳು ಬಂದು ಮೀನು ಇಳಿಸುವ ಹೊತ್ತು. ಅಲ್ಲಿ ಯಾರಿಗೂ ಪುರುಸೊತ್ತಿಲ್ಲ. ಬುಟ್ಟಿ ಹೊತ್ತವರ ದಾರಿಗೆ ನಾವು ಅಡ್ಡ ಬರಬಾರದು. ಜಿಆರ್ 3 ಅಲ್ಲಿ ಗೆದ್ದಿತು. ಬ್ಯಾಟರಿ, ಕಾರ್ಡು ಎಲ್ಲ ಸೇರಿ ಅದರ ತೂಕ 257 ಗ್ರಾಂ. ಅಂಗಿಯ ಜೇಬಿಗೂ ಹೋಗುತ್ತದೆ. ಗುಂಡಿ ಒತ್ತಿದರೆ ಒಂದು ಸೆಕೆಂಡಿನೊಳಗೆ ತಯಾರು. ಅದರಲ್ಲಿ ಸ್ನ್ಯಾಪ್ ಫೋಕಸ್ ಅಂತ ಒಂದು ವ್ಯವಸ್ಥೆ ಇದೆ. ಎರಡು ಮೀಟರ್ ದೂರ ಅಂತ ಮೊದಲೇ ಹೇಳಿಟ್ಟರೆ ಮುಗಿಯಿತು. ಶಟರ್ ಗುಂಡಿಯನ್ನು ಒಂದೇ ಸಲಕ್ಕೆ ಪೂರ್ತಿ ಒತ್ತಿದಾಗ ಅದು ಫೋಕಸ್ ಹುಡುಕುತ್ತಾ ಕೂರುವುದಿಲ್ಲ, ತಕ್ಷಣ ಚಿತ್ರ ತೆಗೆಯುತ್ತದೆ.

ಆದರೆ ಎಂಟೂವರೆ ಆಗುವಾಗ ಬಿಸಿಲು ಏರಿತು. ಜಿಆರ್ 3ಕ್ಕೆ ಕಣ್ಣಿಟ್ಟು ನೋಡುವ ಕಿಂಡಿ ಇಲ್ಲ, ಹಿಂದಿನ ಪರದೆ ಮಾತ್ರ. ಸಮುದ್ರದ ಆ ಬೆಳಕಿಗೆ ಪರದೆಯಲ್ಲಿ ನನಗೆ ಕಂಡದ್ದು ನನ್ನದೇ ಮುಖ. ಎಕ್ಸ್100ವಿಗೆ ಆ ತೊಂದರೆ ಇಲ್ಲ. ಅದರ ಕಿಂಡಿ ಎರಡು ಬಗೆಯದು. ಒಂದು ಸಣ್ಣ ಲಿವರ್ ತಿರುಗಿಸಿದರೆ ಗಾಜಿನ ಮೂಲಕ ನೇರ ನೋಟ, ಮತ್ತೆ ತಿರುಗಿಸಿದರೆ ಒಳಗಿನ ಪುಟ್ಟ ಪರದೆ. ತೂಕ 478 ಗ್ರಾಂ. ಜೇಬಿಗೆ ಹೋಗುವುದಿಲ್ಲ, ಹೆಗಲಿಗೇ ಹಾಕಬೇಕು.

ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಗೆ ಕೆಲವು ದಿನ ಇರುವಾಗ ನಮ್ಮ ಊರಿನ ಗದ್ದೆಯಲ್ಲಿ ಒಂದು ಹರಕೆ ಆಟ, ಅಂದರೆ ಯಕ್ಷಗಾನ ಇತ್ತು. ಎರಡು ಕ್ಯಾಮೆರಾಗಳ ನಿಜವಾದ ಗುಣ ಗೊತ್ತಾದದ್ದು ಆ ರಾತ್ರಿ. ಮೊದಲು ಕಲಾವಿದರು ಬಣ್ಣ ಹಚ್ಚುವ ಚೌಕಿಗೆ ಹೋಗಿ, ಚಿತ್ರ ತೆಗೆಯಬಹುದಾ ಅಂತ ಅವರನ್ನು ಕೇಳಿದೆವು. ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು ಒಬ್ಬರು ಸಣ್ಣ ಕನ್ನಡಿಯನ್ನು ಮೊಣಕಾಲಿಗೆ ಒರಗಿಸಿಕೊಂಡು ಚುಟ್ಟಿ ಇಡುತ್ತಿದ್ದರು. ಕಡ್ಡಿಯ ತುದಿಯಲ್ಲಿ ಹಿಟ್ಟು, ಮುಖದ ಮೇಲೆ ಮುಳ್ಳಿನ ಸಾಲಿನ ಹಾಗೆ ಬಿಳಿ ಚುಕ್ಕಿಗಳು. ಉಸಿರು ಬಿಗಿಹಿಡಿದು ಕೂತಿದ್ದರು. ಹಾಗೆ ಅಲುಗಾಡದೆ ಕೂತವರಿಗೆ ಜಿಆರ್ 3 ಬಹಳ ಒಳ್ಳೆಯದು. ಕೈ ನಡುಗಿದರೆ ಸರಿಪಡಿಸುವ ವ್ಯವಸ್ಥೆ ಅದರ ಸೆನ್ಸರಿನಲ್ಲೇ ಇದೆ. ಸೆಕೆಂಡಿನ ಎಂಟರಲ್ಲಿ ಒಂದು ಭಾಗದಷ್ಟು ನಿಧಾನದ ಶಟರಿನಲ್ಲೂ ಪ್ರತಿ ಚುಕ್ಕಿ ಸ್ಪಷ್ಟ ಬಂತು. ಇಕ್ಕಟ್ಟಿನ ಚೌಕಿಯಲ್ಲಿ 28ರ ಅಗಲ ನೋಟವೂ ಉಪಕಾರಕ್ಕೆ ಬಂತು. ಎಕ್ಸ್100ವಿಗೆ ಕೈನಡುಕ ತಡೆಯುವ ವ್ಯವಸ್ಥೆ ಇಲ್ಲ.

ಆಮೇಲೆ ರಂಗಸ್ಥಳ. ಪುಂಡುವೇಷದ, ಅಂದರೆ ವೀರ ತರುಣನ ಪಾತ್ರದ ಹುಡುಗ ದಿಗಿಣ ಹೊಡೆಯತೊಡಗಿದ, ಹಾರಿ ಹಾರಿ ಸುತ್ತತೊಡಗಿದ. ಇಲ್ಲಿ ಕೈನಡುಕ ತಡೆದು ಪ್ರಯೋಜನ ಇಲ್ಲ, ಅಲುಗುವುದು ನಮ್ಮ ಕೈ ಅಲ್ಲ, ಕಲಾವಿದ. ಶಟರ್ ವೇಗ ಸೆಕೆಂಡಿನ 250ರಲ್ಲಿ ಒಂದು ಭಾಗವಾದರೂ ಬೇಕು. ಅಷ್ಟು ವೇಗಕ್ಕೆ ಬೆಳಕು ಬೇಕು. ಲೆನ್ಸಿನ ಬಾಯಿ ಎಷ್ಟು ತೆರೆಯುತ್ತದೆ ಅನ್ನುವುದನ್ನು ಎಫ್ ಅಂಕಿಯಲ್ಲಿ ಹೇಳುತ್ತಾರೆ, ಅಂಕಿ ಸಣ್ಣದಾದಷ್ಟು ಬಾಯಿ ದೊಡ್ಡದು. ಫ್ಯೂಜಿಯ ಲೆನ್ಸ್ ಎಫ್2, ರಿಕೋದ್ದು ಎಫ್2.8. ಕೇಳುವಾಗ ಸಣ್ಣ ವ್ಯತ್ಯಾಸ ಅನಿಸುತ್ತದೆ. ಆದರೆ ಬೆಳಕಿನ ಲೆಕ್ಕದಲ್ಲಿ ಎಫ್2 ಅಂದರೆ ಎರಡು ಪಟ್ಟು. ಬೆಳಕು ಕಡಿಮೆ ಇದ್ದಾಗ ಐಎಸ್ಒ ಏರಿಸಿದರೆ ಚಿತ್ರ ಬೆಳಗುತ್ತದೆ, ಆದರೆ ಕಾಳು ಕಾಳಾಗುತ್ತದೆ. ರಿಕೋದಲ್ಲಿ ಐಎಸ್ಒ 12800ಕ್ಕೆ ಏರಿಸಬೇಕಾದ ಕಡೆ ಫ್ಯೂಜಿಯಲ್ಲಿ 6400 ಸಾಕಾಯಿತು. ಹುಡುಗ ಗಾಳಿಯಲ್ಲಿ ಇರುವಾಗಿನ ಒಂದು ಚಿತ್ರ ಸಿಕ್ಕಿತು. ಗೆಜ್ಜೆಯ ಒಂದೊಂದು ಮಣಿಯನ್ನೂ ಎಣಿಸಬಹುದು. ಅದನ್ನು ನೋಡುವಾಗ ನನಗೆ ಈಗಲೂ ಖುಷಿಯಾಗುತ್ತದೆ.

ಬ್ಯಾಟರಿಯ ಮಾತನ್ನೂ ಹೇಳಿಬಿಡುತ್ತೇನೆ. ಕಂಪನಿಯ ಲೆಕ್ಕದಲ್ಲಿ ಜಿಆರ್ 3ರಲ್ಲಿ ಒಂದು ಚಾರ್ಜಿಗೆ ಸುಮಾರು 200 ಚಿತ್ರ. ಎಕ್ಸ್100ವಿಯಲ್ಲಿ ಪುಟ್ಟ ಪರದೆಯ ನೋಟದಲ್ಲಿ 350, ಗಾಜಿನ ನೋಟದಲ್ಲಿ 420. ಬೆಳಗಿನ ತನಕ ಆಟ ನೋಡುವವರು ಜಿಆರ್‌ಗೆ ಇನ್ನೊಂದು ಬ್ಯಾಟರಿ ಇಟ್ಟುಕೊಳ್ಳಲೇಬೇಕು. ವೀಡಿಯೊ ಬೇಕಾದವರಿಗೆ ಫ್ಯೂಜಿ, ಅದರಲ್ಲಿ 4ಕೆ ಇದೆ, ರಿಕೋದಲ್ಲಿ ಇಲ್ಲ.

ಇನ್ನು ನಮ್ಮ ಊರಿನ ವಿಷಯಕ್ಕೆ ಬರುತ್ತೇನೆ. ಇಂಟರ್ನೆಟ್ಟಿನಲ್ಲಿ ಎಷ್ಟು ವಿಮರ್ಶೆ ನೋಡಿದರೂ ಉಡುಪಿಯ ಮಳೆಗಾಲದ ಬಗ್ಗೆ ಯಾರೂ ಹೇಳುವುದಿಲ್ಲ. ಜಿಆರ್ 3ಕ್ಕೆ ಮಳೆ, ಧೂಳಿನಿಂದ ರಕ್ಷಣೆ ಇಲ್ಲ. ಅದರ ಲೆನ್ಸ್ ಒಳಗೆ ಹೊರಗೆ ಹೋಗಿ ಬರುತ್ತದೆ. ಅಂಥ ಕ್ಯಾಮೆರಾ ಯಾವುದೇ ಇರಲಿ, ಒಳಗೆ ಧೂಳು ಸೇರುವ ಸಾಧ್ಯತೆ ಜಾಸ್ತಿ. ಎಕ್ಸ್100ವಿಯ ಮೈಗೆ ರಕ್ಷಣೆ ಇದೆ. ಆದರೆ ಲೆನ್ಸಿನ ಮುಂದೆ ಒಂದು ಉಂಗುರ ಮತ್ತು ಫಿಲ್ಟರ್ ಹಾಕಿದ ಮೇಲೆ ಮಾತ್ರ ಅದು ಪೂರ್ತಿ. ಅವೆರಡನ್ನೂ ಬೇರೆಯಾಗಿ ಕೊಳ್ಳಬೇಕು. ಕೊಳ್ಳುವಾಗ ಆ ಖರ್ಚನ್ನೂ ಸೇರಿಸಿಕೊಳ್ಳಿ.

ಮಳೆಗಿಂತ ದೊಡ್ಡ ಶತ್ರು ಬೂಷ್ಟು. ಬಹಳ ವರ್ಷ ಹಿಂದೆ ನನ್ನಲ್ಲಿ ಒಂದು ಒಳ್ಳೆಯ ಫಿಲ್ಮ್ ಕ್ಯಾಮೆರಾ ಇತ್ತು. ಜೂನ್ ತಿಂಗಳಲ್ಲಿ ಚರ್ಮದ ಚೀಲದಲ್ಲಿ ಹಾಕಿ ಜೋಪಾನವಾಗಿ ಕಪಾಟಿನಲ್ಲಿಟ್ಟೆ. ಚೌತಿಗೆ ತೆಗೆದು ನೋಡಿದರೆ ಚೀಲದ ಮೇಲೆ ಬಿಳಿ ಬೂಷ್ಟು, ಲೆನ್ಸಿನ ಒಳಗೆ ಜೇಡರ ಬಲೆಯಂತೆ ಎಳೆಗಳು. ಚರ್ಮ ತೇವವನ್ನು ಹಿಡಿದಿಡುತ್ತದೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಅಪ್ಪ ತೆಗೆಸಿಕೊಟ್ಟ ಕ್ಯಾಮೆರಾ ಅದು. ರಿಪೇರಿಯವರು ಒರೆಸಿ ಕೊಟ್ಟರು, ಆದರೆ ಗಾಜಿನ ಮೇಲಿನ ಲೇಪವನ್ನು ಬೂಷ್ಟು ತಿಂದಾಗಿತ್ತು.

ಹಾಗಾಗಿ ಹೇಳುತ್ತೇನೆ, ಕ್ಯಾಮೆರಾದ ಜೊತೆಗೇ ಗಾಳಿಯಾಡದ ಒಂದು ಡಬ್ಬಿ ತನ್ನಿ. ಒಳಗೆ ಸಿಲಿಕಾ ಜೆಲ್ ಹರಳು ಹಾಕಿ. ನೀಲಿ ಹರಳು ತೇವ ಹೀರಿದಾಗ ಗುಲಾಬಿಯಾಗುತ್ತದೆ. ಆಗ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ವಾರಕ್ಕೊಮ್ಮೆ ಕ್ಯಾಮೆರಾ ಹೊರಗೆ ತೆಗೆದು ನಾಲ್ಕು ಚಿತ್ರ ತೆಗೆಯಿರಿ. ಕಡಲ ಬದಿಗೆ ಹೋಗಿ ಬಂದ ದಿನ ಉಪ್ಪಿನ ಪಸೆಯನ್ನು ಮೆತ್ತಗಿನ ಬಟ್ಟೆಯಲ್ಲಿ ಒರೆಸಿಯೇ ಒಳಗಿಡಿ.

ಎಕ್ಸ್100ವಿಯ ಮುಂದಿನ ಮಾದರಿ 2024ರಲ್ಲೇ ಬಂದಿದೆ. ಹಾಗಾಗಿ ಹಳೆಯ ಮಾದರಿ ಬೇಕಾದವರಿಗೆ ಸಿಗುವುದು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್. ಜಿಆರ್ 3 ಕೂಡ 2019ರ ಮಾದರಿ, ಅದನ್ನೂ ಹಲವರು ಹಾಗೆಯೇ ಕೊಳ್ಳುತ್ತಾರೆ. ಕರಾವಳಿಯಲ್ಲಿ ಹಾಗೆ ಕೊಳ್ಳುವಾಗ ಟಾರ್ಚ್ ಹಿಡಿದುಕೊಂಡೇ ಹೋಗಿ. ಲೆನ್ಸಿನ ಮೇಲೆ ಓರೆಯಾಗಿ ಬೆಳಕು ಬಿಟ್ಟು ಎಳೆಗಳಿವೆಯಾ ನೋಡಿ. ಆಮೇಲೆ ಅಪರ್ಚರನ್ನು, ಅಂದರೆ ಲೆನ್ಸಿನ ಬಾಯಿಯನ್ನು ಎಫ್16ಕ್ಕೆ ಇಟ್ಟು ಬರೀ ಆಕಾಶದ ಒಂದು ಚಿತ್ರ ತೆಗೆಯಿರಿ. ಮೋಡ ಮುಚ್ಚಿದ ಬಿಳಿ ಆಕಾಶ ಇದಕ್ಕೆ ಬಹಳ ಒಳ್ಳೆಯದು. ಸೆನ್ಸರಿನ ಮೇಲೆ ಧೂಳಿದ್ದರೆ ಕಪ್ಪು ಚುಕ್ಕಿಯಾಗಿ ಕಾಣುತ್ತದೆ. ಚಿತ್ರವನ್ನು ಪರದೆಯಲ್ಲಿ ದೊಡ್ಡದು ಮಾಡಿ ಮೂಲೆ ಮೂಲೆ ನೋಡಿ. ಮಾರುವವರು ಅವಸರ ಮಾಡಿದರೆ ದುಡ್ಡು ಕೊಡಬೇಡಿ.

ನನ್ನನ್ನು ಕೇಳಿದರೆ ನಾನು ಎಕ್ಸ್100ವಿ ಅನ್ನುತ್ತೇನೆ. ಆಟದ ಹುಚ್ಚು ನನಗೆ. ಕಿಂಡಿಗೆ ಕಣ್ಣಿಟ್ಟು, ಅಪರ್ಚರಿನ ಉಂಗುರವನ್ನು ಬೆರಳಲ್ಲಿ ತಿರುಗಿಸಿ ಅಭ್ಯಾಸ ಆದ ಕೈ.

ಹುಡುಗಿಯ ಮನಸ್ಸು ಬೇರೆ ಕಡೆ ವಾಲಿತು. ಶಂಕರಪುರದ ಹತ್ತಿರ ಅಣ್ಣನ ಮನೆ. ಒಂದು ಬೆಳಿಗ್ಗೆ ನನ್ನ ಅಮ್ಮ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ಹೂ ಕೊಳ್ಳುವವರ ಕಟ್ಟೆಗೆ ಅದನ್ನು ಕೊಡುವ ಹೊತ್ತು ಹತ್ತಿರವಾಗಿತ್ತು. ಇವಳು ಎಕ್ಸ್100ವಿ ಎತ್ತಿದ ತಕ್ಷಣ ಅಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ಜಿಆರ್ 3 ಹಿಡಿದಾಗ ಅವರ ಗಮನ ಅತ್ತ ಹೋಗಲೇ ಇಲ್ಲ. ಮ್ಯಾಕ್ರೋ ಗುಂಡಿ ಒತ್ತಿದರೆ ಆ ಕ್ಯಾಮೆರಾ ಆರು ಸೆಂಟಿಮೀಟರ್ ಹತ್ತಿರಕ್ಕೂ ಹೋಗುತ್ತದೆ. ಅಮ್ಮನ ಹೆಬ್ಬೆರಳಿನ ಸುಕ್ಕು, ಒದ್ದೆ ಬಾಳೆನಾರು, ಇನ್ನೂ ಅರಳದ ಮೊಗ್ಗು, ಮೂರೂ ಒಂದೇ ಚಿತ್ರದಲ್ಲಿ ಬಂದವು. "ಚಿಕ್ಕಪ್ಪ, ನನಗೆ ಇದೇ ಸಾಕು" ಅಂದಳು.

ಜೂನ್ ಮೊದಲ ವಾರ ಮಂಗಳೂರಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಜಿಆರ್ 3 ಸಿಕ್ಕಿತು. ಟಾರ್ಚ್ ಬಿಟ್ಟು ನೋಡಿದೆವು, ಆಕಾಶದ ಚಿತ್ರ ತೆಗೆದೆವು, ಒಂದು ಚುಕ್ಕಿಯೂ ಇರಲಿಲ್ಲ. ವಾಪಸ್ ಬರುವಾಗ ದಾರಿಯಲ್ಲೇ ಡಬ್ಬಿಯನ್ನೂ ಕೊಂಡೆವು. ಮೊನ್ನೆ ಅಣ್ಣನ ಮನೆಗೆ ಹೋದವನು ಮುಚ್ಚಳ ತೆಗೆದು ನೋಡಿದೆ. ಹೊರಗೆ ಮೂರು ದಿನದಿಂದ ಬಿಡದೆ ಮಳೆ. ಹರಳು ಇನ್ನೂ ನೀಲಿಯಾಗಿಯೇ ಇತ್ತು.

ನಮಸ್ಕಾರ.