ಮುಳ್ಳು ಸುಳ್ಳು ಹೇಳಿದ್ರೆ ಕಳ್ಳ ಆಗೋದು ಡ್ರೈವರ್

ನಮಸ್ಕಾರ. ಇವತ್ತು ಹಳೇ ಲಾರಿಯ ಡೀಸೆಲ್ ಮೀಟರ್ ವಿಷಯ. "ಅದೇನ್ ದೊಡ್ಡದು ಬಿಡಣ್ಣ, ಟ್ಯಾಂಕಿಗೆ ಕಡ್ಡಿ ಇಳಿಸಿದ್ರೆ ಗೊತ್ತಾಗಲ್ವಾ?" ಅಂತ ಎಷ್ಟೋ ಓನರ್‌ಗಳು ಅಂತಾರೆ. ನಾನು ಇದನ್ನ ಸುತರಾಂ ಒಪ್ಪಲ್ಲ.

ನಮ್ಮಪ್ಪ ಲಾರಿ ಡ್ರೈವರ್. ದಾವಣಗೆರೆಯಿಂದ ಮೆಕ್ಕೆಜೋಳದ ಲೋಡ್ ಹೊಡೀತಿದ್ರು. ಒಂದಿನ ಬೆಳಗ್ಗೆ ಓನರ್ ಬಂದು ಕೀ ತಿರುಗಿಸ್ತಾರೆ, ಮುಳ್ಳು ಕಾಲು ಟ್ಯಾಂಕಿಗೆ ನಿಂತಿದೆ. ಹಿಂದಿನ ರಾತ್ರಿ ತಾನೇ ಫುಲ್ ಮಾಡ್ಸಿದ್ದು, ಬಂಕಿನ ಬಿಲ್ಲು ಅಪ್ಪನ ಜೇಬಲ್ಲೇ ಇದೆ. ಓನರ್ ಬೈಲಿಲ್ಲ. "ಡೀಸೆಲ್ ಎಲ್ಲಿ ಹೋಯ್ತಪ್ಪ?" ಅಂದ್ರು ಅಷ್ಟೆ, ಕ್ಲೀನರ್ ಹುಡುಗನ ಎದುರಿಗೆ. ಅಪ್ಪ ಕಡ್ಡಿ ಇಳಿಸಿ ತೋರ್ಸಿದ್ರು. ಒದ್ದೆ ಗುರುತು ಮೇಲಿನ ತನಕ ಇತ್ತು. ಓನರ್ ಸುಮ್ಮನಾದ್ರು. ಅಪ್ಪ ಮಾತ್ರ ಅವತ್ತು ಮಧ್ಯಾಹ್ನ ಊಟ ಮುಟ್ಟಲಿಲ್ಲ.

ಅದಕ್ಕೇ ಹೇಳ್ತಿರೋದು, ಈ ಮೀಟರ್ ಸರಿ ಇರಬೇಕು. ಅದು ಕೆಟ್ಟರೆ ಲೀಟರ್ ಲೆಕ್ಕದ ಜೊತೆ ಡ್ರೈವರ್ ಮರ್ಯಾದೇನೂ ಹೋಗುತ್ತೆ.

ಇನ್ನು, ಕೆಟ್ಟಾಗ ನಾವು ಮಾಡೋ ತಪ್ಪು ಒಂದೇ. ಡ್ಯಾಶ್‌ಬೋರ್ಡ್ ಬಿಚ್ಚಿ ಹೊಸ ಮೀಟರ್ ಹಾಕಿಸ್ತೀವಿ. ದುಡ್ಡು ಹೋಗುತ್ತೆ, ಮುಳ್ಳು ಅಲ್ಲೇ ಇರುತ್ತೆ. ಹಳೇ ಗಾಡೀಲಿ ಮೀಟರ್ ಕೆಡೋದು ಅಪರೂಪ. ಮಣ್ಣು, ನೀರು, ಅದುರಾಟ ಎಲ್ಲಾ ತಿನ್ನೋದು ಟ್ಯಾಂಕ್ ಕಡೆ, ಹಾಗಾಗಿ ಹುಡುಕಾಟ ಅಲ್ಲಿಂದ ಶುರುವಾಗಬೇಕು.

ಅದಕ್ಕೂ ಮುಂಚೆ ಪಕ್ಕದ ಟೆಂಪರೇಚರ್ ಮೀಟರ್ ಒಂದ್ಸಲ ನೋಡಿ. ಎರಡೂ ಒಟ್ಟಿಗೆ ತಪ್ಪು ತೋರಿಸ್ತಿದ್ರೆ ಕರೆಂಟ್ ಬರೋ ದಾರೀಲೇ ತೊಂದರೆ. ಫ್ಯೂಸ್ ಇರಬಹುದು, ಕೆಲವು ಹಳೇ ಗಾಡೀಲಿ ಮೀಟರ್‌ಗಳಿಗೆ ಒಂದೇ ಸಮ ವೋಲ್ಟೇಜ್ ಕೊಡೋ ಸಣ್ಣ ಸ್ಟೆಬಿಲೈಸರ್ ಇರುತ್ತೆ, ಅದೂ ಇರಬಹುದು.

ಡೀಸೆಲ್ ಮೀಟರ್ ಒಂದೇ ಆಟ ಆಡ್ತಿದ್ರೆ, ಟ್ಯಾಂಕ್ ಮೇಲೆ ಕೂತು, ಡೀಸೆಲ್ ಮಟ್ಟಕ್ಕೆ ತಕ್ಕಂತೆ ಕರೆಂಟಿನ ತಡೆ ಬದಲಿಸೋ ಯೂನಿಟ್‌ನಿಂದ ಮೀಟರಿಗೆ ಹೋಗೋ ವೈರ್ ಬಿಚ್ಚಿ ಕೀ ಆನ್ ಮಾಡಿ. ಮುಳ್ಳು ಒಂದು ತುದಿಗೆ ಹೋಗುತ್ತೆ. ಈಗ ಆ ವೈರಿನ ತುದಿಯನ್ನ ಚಾಸಿಗೆ, ಅಂದ್ರೆ ಲಾರಿಯ ಕಬ್ಬಿಣದ ಚೌಕಟ್ಟಿಗೆ, ಕೆಲವೇ ಸೆಕೆಂಡ್ ತಾಗಿಸಿ. ತುಂಬಾ ಹೊತ್ತು ಹಿಡೀಬೇಡಿ, ಮೀಟರ್ ಸುಡುತ್ತೆ. ಟ್ಯಾಂಕಿನ ಮುಚ್ಚಳ ತೆಗೆದಿಟ್ಟುಕೊಂಡಂತೂ ಮಾಡಲೇಬೇಡಿ, ಕಿಡಿ ಹಾರುತ್ತೆ. ಮುಳ್ಳು ಇನ್ನೊಂದು ತುದಿ ಕಡೆಗೆ ಹೊರಟರೆ ಮೀಟರೂ ಸರಿ, ವೈರೂ ಸರಿ. ಹೀಗೆ ಚಾಸಿಗೆ ತಾಗಿಸಿ ಅರ್ತ್ ಕೊಟ್ಟಾಗ ಕೆಲವು ಗಾಡೀಲಿ ಫುಲ್ ತೋರಿಸುತ್ತೆ, ಕೆಲವದ್ರಲ್ಲಿ ಖಾಲಿ ತೋರಿಸುತ್ತೆ, ಅದಕ್ಕೆ ಗಾಬರಿ ಬೇಡ. ಅಲ್ಲಾಡದೇ ಇದ್ರೆ ಮಾತ್ರ ಕ್ಯಾಬಿನ್ ಕಡೆ ಹೋಗಿ.

ನಮ್ಮ ಲಾರೀಲಿ ಮುಳ್ಳು ಇನ್ನೊಂದು ತುದಿಗೆ ಹೋಯ್ತು. ಅಂದ್ರೆ ತಪ್ಪು ಟ್ಯಾಂಕ್ ಕಡೆಯದ್ದೇ.

ಇಲ್ಲಿ ಎಲ್ಲರೂ ಮರೆಯೋದು ಅರ್ತ್. ಟ್ಯಾಂಕು ಪಟ್ಟಿಯಲ್ಲಿ ಕೂತಿರುತ್ತೆ, ಕೆಳಗೆ ರಬ್ಬರ್, ಮೇಲೆ ವರ್ಷವರ್ಷ ಬಳಿದ ಪೇಂಟು. ಕರೆಂಟ್ ವಾಪಸ್ ಹೋಗೋಕೆ ಇರೋದು ಒಂದು ಸಣ್ಣ ವೈರು. ಅದು ಚಾಸಿಗೆ ಸೇರೋ ಬೋಲ್ಟು ತುಕ್ಕು ಹಿಡಿದ್ರೆ, ಆ ತುಕ್ಕಿನ ತಡೆಯೂ ಯೂನಿಟ್ಟಿನ ತಡೆಗೆ ಸೇರ್ಕೊಳ್ಳುತ್ತೆ. ಮೀಟರಿಗೆ ಪಾಪ ಏನ್ ಗೊತ್ತು, ಅರ್ತ್ ಕೊಟ್ರೆ ಫುಲ್ ತೋರಿಸೋ ಗಾಡೀಲಿ ಡೀಸೆಲ್ ಕಮ್ಮಿ ಆಗಿದೆ ಅಂತ ತೋರಿಸುತ್ತೆ, ಖಾಲಿ ತೋರಿಸೋ ಗಾಡೀಲಿ ಜಾಸ್ತಿ ಇದೆ ಅಂತ. ಯೂನಿಟ್ ಬಾಡಿಯಿಂದ ಚಾಸಿಯ ಬೆಳ್ಳಗಿರೋ ಕಬ್ಬಿಣಕ್ಕೆ ಬೇರೆ ಒಂದು ವೈರ್ ತಾಗಿಸಿ ನೋಡಿ. ಮುಳ್ಳು ಸರಿ ಜಾಗಕ್ಕೆ ಬಂದರೆ ಕಳ್ಳ ಸಿಕ್ಕ.

ಅರ್ತ್ ಸರಿಯಿದ್ರೆ ಆಮೇಲೆ ಬ್ಯಾಟರಿ ವೈರ್ ಬಿಚ್ಚಿ ಯೂನಿಟ್ ಹೊರಗೆ ತೆಗೀರಿ. ಅದರ ಕೈಯ ತುದೀಲಿ ಡೀಸೆಲ್ ಮೇಲೆ ತೇಲೋ ಫ್ಲೋಟ್ ಇರುತ್ತೆ, ಅದನ್ನ ಕಿವಿ ಹತ್ರ ಹಿಡಿದು ಅಲ್ಲಾಡಿಸಿ. ಒಳಗೆ ಗುಳುಗುಳು ಅಂದ್ರೆ ತೂತು ಬಿದ್ದು ಡೀಸೆಲ್ ತುಂಬಿದೆ, ಅದು ತೇಲಲ್ಲ, ಯಾವಾಗಲೂ ಖಾಲಿ ಅಂತಲೇ ತೋರಿಸುತ್ತೆ. ಮಲ್ಟಿಮೀಟರ್ ಓಮ್‌ಗೆ ಇಟ್ಟು ಫ್ಲೋಟಿನ ಕೈಯನ್ನ ನಿಧಾನಕ್ಕೆ ಎತ್ತಿ ಇಳಿಸಿ. ನಂಬರ್ ಒಂದೇ ಹದದಲ್ಲಿ ಓಡಬೇಕು. ನಡುವೆ ಎಲ್ಲಾದ್ರೂ ದಿಢೀರ್ ಅಂತ ಹಾರಿದ್ರೆ ಆ ಜಾಗ ಸವೆದಿದೆ, ಯೂನಿಟ್ ಬದಲಾಯಿಸಿ. ಅರ್ಧ ಟ್ಯಾಂಕ್ ತನಕ ಸರಿಯಾಗಿದ್ದು ಆಮೇಲೆ ಮುಳ್ಳು ದಬಕ್ಕಂತ ಬೀಳೋ ಗಾಡಿಗಳಲ್ಲಿ ಸಾಮಾನ್ಯವಾಗಿ ಇದೇ ರೋಗ. ಘಾಟೀಲಿ ಸ್ವಲ್ಪ ಮೇಲೆ ಕೆಳಗೆ ಆಡಿದ್ರೆ ಅದು ರೋಗ ಅಲ್ಲ, ಒಳಗೆ ಡೀಸೆಲ್ ತುಳುಕ್ತಿದೆ ಅಷ್ಟೆ.

ಓನರ್‌ಗಳಿಗೆ ಒಂದು ಮಾತು. ರಾತ್ರಿ ಹೈವೇಲಿ ಡೀಸೆಲ್ ಮುಗಿದು ಲೈನಿಗೆ ಏರ್ ಹಿಡಿದ್ರೆ, ಟಾರ್ಚ್ ಕಚ್ಕೊಂಡು ಫಿಲ್ಟರ್ ಸ್ಕ್ರೂ ಸಡಿಲ ಮಾಡಿ, ಪ್ರೈಮರ್ ಅನ್ನೋ ಕೈಪಂಪ್ ಒತ್ತಿ ಒತ್ತಿ ಏರ್ ತೆಗೆಯೋನು ನಿಮ್ಮ ಡ್ರೈವರ್. ಡೀಸೆಲ್ ಎಲ್ಲಿ ಅಂತ ಅವನನ್ನ ಕೇಳೋಕೆ ಮುಂಚೆ ವೈರ್ ನೋಡಿಸಿ.

ನಮ್ಮ ಲಾರೀಲಿ ಕೊನೆಗೆ ಸಿಕ್ಕಿದ್ದು ಆ ಅರ್ತ್ ಬೋಲ್ಟೇ. ಎಲೆಕ್ಟ್ರಿಷಿಯನ್ ಉಪ್ಪುಕಾಗದದಲ್ಲಿ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಹಚ್ಚಿದ್ರು. ಅಪ್ಪ ಸೀಟಲ್ಲಿ ಕೂತು ಕೀ ಆನ್ ಮಾಡಿದ್ರು. ಮುಳ್ಳು ನಿಧಾನಕ್ಕೆ ಏರ್ತಾ ಫುಲ್ ಹತ್ರ ಹೋಗಿ ನಿಂತಿತು. "ಓನರ್‌ನ ಕರಿ" ಅಂದ್ರು ನನಗೆ, ಮುಳ್ಳಿನಿಂದ ಕಣ್ಣು ತೆಗೀದೆ.