ಹಿಂದಿ ಬಲ್ಲ ರಷ್ಯಾ ರಾಯಭಾರಿ

ಕೇಳುಗರಿಗೆ ನಮಸ್ಕಾರ.

ದೆಹಲಿಯ ಚಾಣಕ್ಯಪುರಿಯಲ್ಲಿ, ರಷ್ಯಾ ರಾಯಭಾರ ಕಚೇರಿಯ ಹತ್ತಿರ, ಒಂದು ರಸ್ತೆಗೆ ಭಾರತದಲ್ಲಿ ರಷ್ಯಾ ರಾಯಭಾರಿಯಾಗಿದ್ದ ಅಲೆಕ್ಸಾಂಡರ್ ಕದಾಕಿನ್ ಅವರ ಹೆಸರಿದೆ. 1949ರಲ್ಲಿ ಮಾಲ್ಡೋವಾದ ಕಿಶಿನೇವ್‌ನಲ್ಲಿ ಹುಟ್ಟಿದ ಇವರು ಮಾಸ್ಕೋದ ಅಂತರರಾಷ್ಟ್ರೀಯ ಸಂಬಂಧಗಳ ಸಂಸ್ಥೆ ಎಂಗಿಮೋದಲ್ಲಿ ಓದಿದರು. ವಿದೇಶಾಂಗ ಸೇವೆಗೆ ಹುಡುಗರನ್ನು ತಯಾರು ಮಾಡುವ ಸಂಸ್ಥೆ ಅದು. ಅಲ್ಲಿ ಕಲಿತ ಭಾಷೆಯೇ ಮುಂದೆ ಯಾವ ದೇಶ ಅನ್ನುವುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಇವರದು ಹಿಂದಿ. 1971ರಲ್ಲಿ ತರಬೇತಿಗೆಂದು ದೆಹಲಿಗೆ ಬಂದಾಗ ಇಪ್ಪತ್ತೆರಡರ ಪ್ರಾಯ.

ರಷ್ಯಾದಲ್ಲಿ ರಾಜತಾಂತ್ರಿಕ ದರ್ಜೆಗಳು ಹನ್ನೊಂದು. ತಳದಲ್ಲಿ ಅಟಾಶೆ, ತುದಿಯಲ್ಲಿ 'ಅಸಾಧಾರಣ ಮತ್ತು ಪೂರ್ಣಾಧಿಕಾರದ ರಾಯಭಾರಿ'. ಇಲ್ಲೇ ನಮ್ಮ ಪತ್ರಿಕೆಗಳು ಎಡವುವುದು. ಇದು ದರ್ಜೆ, ಒಂದು ದೇಶದ ರಾಯಭಾರಿ ಅನ್ನುವುದು ಹುದ್ದೆ. ಹುದ್ದೆ ಮುಗಿದು ಮಾಸ್ಕೋಗೆ ಮರಳಿ ಕಡತ ನೋಡುತ್ತ ಕುಳಿತರೂ ದರ್ಜೆ ಹೋಗುವುದಿಲ್ಲ.

ಹುದ್ದೆಗೆ ಹೆಸರು ಸೂಚಿಸಿದ ಮೇಲೂ ದಾರಿ ಉದ್ದ. ಸಂಸತ್ತಿನ ಸಮಿತಿಗಳ ಜೊತೆ ಸಮಾಲೋಚಿಸಿ ನೇಮಿಸುವವರು ರಷ್ಯಾ ಅಧ್ಯಕ್ಷರು. ಅದಕ್ಕೂ ಮೊದಲು ಆತಿಥೇಯ ದೇಶದ ಒಪ್ಪಿಗೆ ಬೇಕು. ರಾಜತಾಂತ್ರಿಕ ಸಂಬಂಧಗಳ ಕುರಿತ 1961ರ ವಿಯೆನ್ನಾ ಒಪ್ಪಂದದ ನಾಲ್ಕನೇ ವಿಧಿಯಂತೆ, ಒಪ್ಪದಿದ್ದರೆ ಕಾರಣ ಹೇಳಬೇಕಾಗಿಲ್ಲ. ಅದಕ್ಕೇ ಈ ಕೇಳಿಕೆಯನ್ನು ಗುಟ್ಟಾಗಿ ಇಡುತ್ತಾರೆ. ಹೆಸರು ಮೊದಲೇ ಬಯಲಾಗಿ ಆಮೇಲೆ ಬೇಡವೆಂದರೆ ಎರಡೂ ಕಡೆಗೆ ಮುಜುಗರ. ಬಂದಿಳಿದವರು ಅಧಿಕಾರ ಪತ್ರದ ನಕಲನ್ನು ವಿದೇಶಾಂಗ ಇಲಾಖೆಗೆ ಕೊಡುತ್ತಾರೆ, ಮೂಲ ಪತ್ರ ರಾಷ್ಟ್ರಪತಿಗಳ ಕೈಗೆ.

ಕದಾಕಿನ್ ನೇಪಾಳದಲ್ಲಿ ರಾಯಭಾರಿಯಾಗಿದ್ದು, 1999ರಿಂದ 2004ರವರೆಗೆ ದೆಹಲಿಯಲ್ಲಿದ್ದರು. ನಡುವೆ ಸ್ವೀಡನ್. 2009ರಲ್ಲಿ ಮತ್ತೆ ದೆಹಲಿ. ಒಂದೇ ದೇಶಕ್ಕೆ ಎರಡು ಸಲ ರಾಯಭಾರಿಯಾಗುವುದು ಅಪರೂಪ. ಹಾಗೆ ಬೇರೂರಿದವರ ಮೇಲೆ, 'ಇವರು ನಮ್ಮವರೋ, ಅವರವರೋ' ಎಂಬ ಗುಮಾನಿ ಯಾವ ರಾಜಧಾನಿಯಲ್ಲೂ ಹುಟ್ಟುವಂಥದ್ದೇ.

ಎರಡನೇ ಸಲ ಬಂದಾಗ ಹಳೆಯ ಗಂಟೊಂದು ಕಾದಿತ್ತು. ಮೊದಲ ಅವಧಿಯಲ್ಲೇ, 2004ರ ಜನವರಿಯಲ್ಲಿ, ಗೋರ್ಷ್ಕೋವ್ ಎಂಬ ರಷ್ಯಾದ ಹಳೆಯ ವಿಮಾನವಾಹಕ ನೌಕೆಯನ್ನು ನವೀಕರಿಸಿ ಭಾರತಕ್ಕೆ ಕೊಡುವ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಹಡಗಿನ ನವೀಕರಣಕ್ಕೆ ಅಂದು ಹೇಳಿದ್ದು ಸುಮಾರು 97 ಕೋಟಿ ಡಾಲರ್. ಬಿಚ್ಚಿ ನೋಡಿದಾಗ ಅಂದಾಜಿಗಿಂತ ಕೆಲಸ ಬಹಳ ಹೆಚ್ಚಿತ್ತು. ಬದಲಿಸಬೇಕಾದ ಕೇಬಲ್ಲೇ ಮೈಲುಗಟ್ಟಲೆ. ಚೌಕಾಸಿ ನಡೆದು 2010ರಲ್ಲಿ ದರ ಸುಮಾರು 230 ಕೋಟಿ ಡಾಲರಿಗೆ ನಿಂತಿತು. 2012ರ ಸಮುದ್ರ ಪರೀಕ್ಷೆಯಲ್ಲಿ ಬಾಯ್ಲರುಗಳು ಕೈಕೊಟ್ಟವು. ಕಲ್ನಾರಿನ ಬದಲು ಹಾಕಿದ್ದ, ಬೆಂಕಿ ತಡೆಯುವ ಇಟ್ಟಿಗೆ ಪೂರ್ಣ ವೇಗದ ಕಾವಿಗೆ ತಾಳಲಿಲ್ಲವೆಂದು ರಷ್ಯಾದವರ ವಿವರಣೆ. ಮತ್ತೊಂದು ವರ್ಷ ಹೋಯಿತು. ಇಂಥ ಹೊತ್ತಿನಲ್ಲಿ ದೆಹಲಿಯ ಪತ್ರಕರ್ತರ ಮುಂದೆ ನಿಲ್ಲಬೇಕಾದವರು ರಾಯಭಾರಿಯೇ. ಹಡಗು ಕಟ್ಟುವವರು ರಷ್ಯಾದ ಸೆವೆರೊದ್ವಿನ್ಸ್ಕ್‌ನಲ್ಲಿ ದೂರ ಇರುತ್ತಾರಲ್ಲ! ಹಿಂದಿಯಲ್ಲೇ ಮಾತಾಡಬಲ್ಲ ರಾಯಭಾರಿಗೆ ಅಲ್ಲಿ ದುಭಾಷಿಯ ಮರೆ ಕೂಡ ಇಲ್ಲ.

2013ರ ನವೆಂಬರಿನಲ್ಲಿ ಹಡಗು ವಿಕ್ರಮಾದಿತ್ಯವಾಗಿ ನೌಕಾಪಡೆ ಸೇರಿತು. 2014ರ ಜನವರಿಯಲ್ಲಿ ನಮ್ಮ ಕಾರವಾರಕ್ಕೆ ಬಂತು. ಕದಾಕಿನ್ ಹುದ್ದೆಯಲ್ಲಿರುವಾಗಲೇ, 2017ರ ಜನವರಿ 26ರಂದು, ದೆಹಲಿಯಲ್ಲಿ ತೀರಿಕೊಂಡರು. ಮರುವರ್ಷ ಮರಣೋತ್ತರ ಪದ್ಮಭೂಷಣ ಬಂತು.