ಸಾಲಕ್ಕೊಂದು ಆದಾಯ, ತೆರಿಗೆಗೊಂದು ಆದಾಯ

"ಎರಡು ವರ್ಷದ ಐಟಿಆರ್, ಫಾರ್ಮ್ 16, 26ಎಎಸ್, ಕಂಪ್ಯುಟೇಷನ್ ತಂದುಕೊಡಿ." ಮನೆ ಸಾಲ ಕೇಳೋಕೆ ಹೋದವರಿಗೆ ಬ್ಯಾಂಕಿನವರು ಹೇಳೋದು ಇಷ್ಟೇ. ಐಟಿಆರ್ ಅಂದ್ರೆ ಆದಾಯ ತೆರಿಗೆ ರಿಟರ್ನ್, ಫಾರ್ಮ್ 16 ಅಂದ್ರೆ ಕಂಪನಿ ಕೊಡೋ ಸಂಬಳ-ತೆರಿಗೆ ಪತ್ರ, 26ಎಎಸ್ ಅಂದ್ರೆ ನಿಮ್ಮ ಹೆಸರಲ್ಲಿ ಜಮೆಯಾದ ತೆರಿಗೆಯ ಪಟ್ಟಿ, ಕಂಪ್ಯುಟೇಷನ್ ಅಂದ್ರೆ ಆದಾಯ-ತೆರಿಗೆ ಲೆಕ್ಕದ ಹಾಳೆ. ಯಾವ ಎರಡು ವರ್ಷ ಅಂತ ಕೇಳಿದ್ರೆ "ಲೇಟೆಸ್ಟ್ ಎರಡು ಸಾರ್" ಅಂತಾರೆ.

2023ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗೆ ದುಡಿದದ್ದಕ್ಕೆ ಹಾಕಿದ ರಿಟರ್ನ್ ಮೇಲೆ 2024-25 ಅಂತ ಇರುತ್ತೆ. ಅದು ಅಸೆಸ್‌ಮೆಂಟ್ ವರ್ಷ, ಅಂದ್ರೆ ದುಡಿದ ಹಣಕಾಸು ವರ್ಷದ ಮರುವರ್ಷ, ತೆರಿಗೆ ಲೆಕ್ಕ ಹಾಕೋ ವರ್ಷ. ನೀವು ಹಣಕಾಸು ವರ್ಷದ ಲೆಕ್ಕದಲ್ಲಿ ಮಾತಾಡ್ತೀರಿ, ಅವರು ಕಾಗದದ ಮೇಲಿರೋದನ್ನ ಓದ್ತಾರೆ, ಫೈಲು ವಾಪಸ್. 2025ರ ಹೊಸ ಆದಾಯ ತೆರಿಗೆ ಕಾಯ್ದೆ ಈ ಎರಡನ್ನೂ ತೆಗೆದು 'ತೆರಿಗೆ ವರ್ಷ' ಅಂತ ಒಂದೇ ಹೆಸರು ಇಟ್ಟಿದೆ, 2026ರ ಏಪ್ರಿಲ್ 1ರಿಂದ ಜಾರಿ. ಒಳ್ಳೇ ಕೆಲಸ. ಆದ್ರೆ ಹಳೇ ವರ್ಷದ ಕಾಗದಗಳು ಇನ್ನೂ ಒಂದಷ್ಟು ಕಾಲ ಫೈಲಲ್ಲಿ ಇದ್ದೇ ಇರ್ತವೆ.

ಇದೆಲ್ಲ ಹೇಗೋ ಸರಿಹೋಗುತ್ತೆ ಬಿಡಿ. ನನ್ನ ತಕರಾರು ಇರೋದು ಆದಾಯದ ಬಗ್ಗೆ.

ಜುಲೈ ತಿಂಗಳಲ್ಲಿ ಆಡಿಟರ್ ಮುಂದೆ ಕೂತಾಗ ಎಲ್ಲರಿಗೂ ಒಂದೇ ಆಸೆ: ಆದಾಯ ಎಷ್ಟು ಆಗುತ್ತೋ ಅಷ್ಟು ಕಡಿಮೆ ಕಾಣಬೇಕು. ಅದೇ ಮನುಷ್ಯ ಬ್ಯಾಂಕಿನ ಮುಂದೆ ಕೂತಾಗ ಅದೇ ಆದಾಯ ದೊಡ್ಡದಾಗಿ ಕಾಣಬೇಕು. ಕಾಗದ ಮಾತ್ರ ಒಂದೇ. ಅಂಗಡಿ ಇಟ್ಟವರನ್ನೇ ನೋಡಿ. 1961ರ ಹಳೇ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 44ಎಡಿ (ಸಣ್ಣ ವ್ಯಾಪಾರಿಗಳಿಗೆ ಅಂದಾಜು ಲಾಭದ ನಿಯಮ) ಪ್ರಕಾರ ಡಿಜಿಟಲ್ ವಹಿವಾಟಿಗೆ ಕನಿಷ್ಠ ಶೇ. 6, ನಗದಿಗೆ ಶೇ. 8 ಲಾಭ ಅಂತ ತೋರಿಸಿದ್ರೆ ಸಾಕು, ಲೆಕ್ಕದ ಪುಸ್ತಕ ಇಡಬೇಕಾಗಿಲ್ಲ. ವರ್ಷಕ್ಕೆ 60 ಲಕ್ಷ ವಹಿವಾಟು, ಪೂರ್ತಿ ಯುಪಿಐನಲ್ಲಿ ಅಂತಿಟ್ಟುಕೊಳ್ಳಿ. ಶೇ. 6 ಅಂದ್ರೆ 3 ಲಕ್ಷ 60 ಸಾವಿರ. ಬ್ಯಾಂಕಿನ ಕಣ್ಣಿಗೆ ಇವರು ತಿಂಗಳಿಗೆ 30 ಸಾವಿರದ ಆಸಾಮಿ! ನಿಜವಾಗಿ ಇದರ ಎರಡರಷ್ಟು ದುಡೀತಿದ್ರೂ ಸಾಲದ ಲೆಕ್ಕ ನಡೆಯೋದು ಆ 30 ಸಾವಿರದ ಮೇಲೇ.

ಹೆಚ್ಚು ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ. ಆ ಶೇ. 6 ಕನಿಷ್ಠ ಮಿತಿ ಮಾತ್ರ. ನಿಜಕ್ಕೂ ಹೆಚ್ಚು ದುಡಿದಿದ್ರೆ ಆ ಹೆಚ್ಚನ್ನೇ ತೋರಿಸಬೇಕು ಅಂತ ಸೆಕ್ಷನ್ನೇ ಹೇಳುತ್ತೆ. 2025-26ನೇ ಹಣಕಾಸು ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್, ಅಂದ್ರೆ ತೆರಿಗೆಯ ಪೂರ್ತಿ ಮಾಫಿ ಸಿಗುತ್ತೆ. ಷೇರು ಮಾರಿದ ಲಾಭದಂಥ ವಿಶೇಷ ದರದ ಆದಾಯ ಬೇರೆ ಮಾತು. ಅಂದ್ರೆ ಅಂಗಡಿಯ ಆದಾಯ 7 ಲಕ್ಷ ಇದ್ರೆ ಅದನ್ನ ಇದ್ದ ಹಾಗೆ ತೋರಿಸಿದ್ರೂ ತೆರಿಗೆ ಸೊನ್ನೆ. ಹೀಗಿದ್ದೂ "ಹೋದ ವರ್ಷದಷ್ಟೇ ಹಾಕಿಬಿಡಿ" ಅನ್ನೋರನ್ನ ನೋಡಿದ್ರೆ ನನಗೆ ನಿಜವಾಗ್ಲೂ ಬೇಜಾರಾಗುತ್ತೆ. ಇನ್ನು ಸಾಲಕ್ಕೋಸ್ಕರ ಇಲ್ಲದ ಆದಾಯ ಬರೆಸೋದು, ಅದು ಶುದ್ಧ ಸುಳ್ಳು, ಅದರ ಬಗ್ಗೆ ಮಾತೇ ಬೇಡ.

ಕೆಲವರು ಸಾಲ ಬೇಕು ಅಂದಾಗ ಹಳೇ ವರ್ಷಗಳ ರಿಟರ್ನ್ ಒಟ್ಟಿಗೆ ಹಾಕೋಕೆ ಓಡ್ತಾರೆ. ಗಡುವು ಮುಗಿದ ಮೇಲೆ ಹಾಕೋ ಅಪ್‌ಡೇಟೆಡ್ ರಿಟರ್ನ್‌ಗೆ ಈಗ 48 ತಿಂಗಳವರೆಗೆ ಅವಕಾಶ ಇದೆ, ಆದ್ರೆ ತಡವಾದಷ್ಟೂ ಹೆಚ್ಚುವರಿ ತೆರಿಗೆ ಶೇ. 25ರಿಂದ ಶೇ. 70ರವರೆಗೆ ಏರುತ್ತೆ. ಸಲ್ಲಿಸಿದ ದಿನಾಂಕ ಅಕ್ನಾಲೆಜ್‌ಮೆಂಟ್ (ಸ್ವೀಕೃತಿ ಪತ್ರ) ಮೇಲೇ ಇರುತ್ತೆ. ಬ್ಯಾಂಕಿನವರು ಮೊದಲು ನೋಡೋದೇ ಅದನ್ನ.

ಸಂಬಳದವರ ಪಾಡು ಬೇರೆ. ಫಾರ್ಮ್ 16ರಲ್ಲಿ ಎರಡು ಭಾಗ. 'ಎ' ಭಾಗದಲ್ಲಿ ಕಡಿತಗೊಳಿಸಿ ಕಟ್ಟಿದ ತೆರಿಗೆ, 'ಬಿ' ಭಾಗದಲ್ಲಿ ಸಂಬಳದ ವಿವರ. ಒಂದೇ ಭಾಗ ಕೊಟ್ಟರೆ ಫೈಲು ಅಲ್ಲೇ ನಿಲ್ಲುತ್ತೆ. ರಿಟರ್ನ್ ಹಾಕಿ 30 ದಿನದೊಳಗೆ ಇ-ವೆರಿಫೈ (ಆನ್‌ಲೈನ್‌ನಲ್ಲಿ ದೃಢೀಕರಣ) ಮಾಡೋದನ್ನ ಮರೆತವರೂ ಇದ್ದಾರೆ. ಇವೆಲ್ಲ ನಮ್ಮ ಕೈಯಲ್ಲಿರೋದು, ಸರಿ. ಆದ್ರೆ ಕಂಪನಿ ಸಂಬಳದಲ್ಲಿ ಟಿಡಿಎಸ್ (ಮೂಲದಲ್ಲೇ ಕಡಿತವಾಗೋ ತೆರಿಗೆ) ಹಿಡಿದು, ಸರ್ಕಾರಕ್ಕೆ ಕಟ್ಟದೇ ಹೋದ್ರೆ, ಅಥವಾ ಪ್ಯಾನ್ ತಪ್ಪಾಗಿ ಹಾಕಿದ್ರೆ? ಸ್ಯಾಲರಿ ಸ್ಲಿಪ್‌ನಲ್ಲಿ ಕಡಿತ ಕಾಣುತ್ತೆ, 26ಎಎಸ್ ಖಾಲಿ. ಅದನ್ನ ತಿದ್ದಬೇಕಾದವರು ಹಣ ಹಿಡಿದವರೇ, ನೀವು ಪೋರ್ಟಲ್‌ನಲ್ಲಿ ಎಷ್ಟು ಗುದ್ದಾಡಿದ್ರೂ ಆಗಲ್ಲ. ಇದರ ಹೊಣೆಯನ್ನ ಸಾಲ ಕೇಳಿದವರ ತಲೆಗೆ ಕಟ್ಟೋದು ಅನ್ಯಾಯ ಅಂತ ನಾನು ಖಡಾಖಂಡಿತವಾಗಿ ಹೇಳ್ತೀನಿ.

2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ಒಂದು ನಿಯಮ ತಂದಿದೆ. ಮನೆ ಸಾಲವೂ ಸೇರಿ ಚಿಲ್ಲರೆ (ರಿಟೇಲ್) ಸಾಲಗಳಿಗೆಲ್ಲ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೊಡಬೇಕು, ಎಲ್ಲ ಖರ್ಚೂ ಸೇರಿ ವರ್ಷಕ್ಕೆ ಶೇಕಡಾ ಎಷ್ಟು ಬೀಳುತ್ತೆ ಅಂತ ಅದರಲ್ಲಿ ಬರೆದಿರಬೇಕು. ಕಾಗದ ಕೇಳುವಾಗಲೂ ಅದೇ ಶಿಸ್ತು ಯಾಕಿರಬಾರದು? ಯಾವ ವರ್ಷದ್ದು, ರಿಟರ್ನ್‌ನ ಯಾವ ಲೈನಿನ ಮೊತ್ತ ನೋಡ್ತಾರೆ, ಸವಕಳಿಯನ್ನ (ಯಂತ್ರ, ವಾಹನದ ಬೆಲೆ ತಗ್ಗಿದ್ದಕ್ಕೆ ಕಳೆಯೋ ಮೊತ್ತ) ಆದಾಯಕ್ಕೆ ಮತ್ತೆ ಕೂಡ್ತಾರಾ ಇಲ್ವಾ, ಇಷ್ಟನ್ನ ಒಂದು ಹಾಳೆಯಲ್ಲಿ ಬರೆದು ಕೊಡೋದು ಬ್ಯಾಂಕಿಗೆ ಭಾರವೇನಲ್ಲ. ಸಾಲ ತಿರಸ್ಕರಿಸಿದ್ರೆ ಮುಖ್ಯ ಕಾರಣವನ್ನ ಲಿಖಿತವಾಗಿ ತಿಳಿಸಬೇಕು ಅನ್ನೋದು ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಹಾಕಿರೋ ಹಳೇ ನಿಯಮ. "ಇನ್‌ಕಮ್ ಸಾಲಲ್ಲ ಸಾರ್" ಅಂತ ಬಾಯಲ್ಲಿ ಹೇಳಿ ಕಳಿಸಿದ್ರೆ ಎದ್ದು ಬರಬೇಡಿ. ಯಾವ ವರ್ಷದ, ಯಾವ ಮೊತ್ತ ಸಾಲಲಿಲ್ಲ ಅಂತ ಬರೆದುಕೊಡಿ ಅಂತ ಕೇಳಿ. ಆ ಕಾಗದ ಕೈಗೆ ಬಂದ್ರೆ ಮುಂದಿನ ಜುಲೈನಲ್ಲಿ ಆಡಿಟರ್ ಹತ್ರ ಏನು ಮಾತಾಡಬೇಕು ಅಂತ ಗೊತ್ತಿರುತ್ತೆ.